ಬೇಸ್ ಗಿಟಾರ್ ಕೈಕೊಟ್ಟರೆ: ಮನೆಯ ಸ್ಕ್ರೂಡ್ರೈವರೋ, ರಿಪೇರಿ ಅಂಗಡಿಯೋ?

ದಾವಣಗೆರೆ: ಗಣೇಶನ ಹಬ್ಬದಿಂದ ಕನ್ನಡ ರಾಜ್ಯೋತ್ಸವದವರೆಗೆ ಆರ್ಕೆಸ್ಟ್ರಾದವರಿಗೆ ಸುಗ್ಗಿ. ಗಲ್ಲಿಗೊಂದು ಪೆಂಡಾಲು, ಪೆಂಡಾಲಿಗೊಂದು ರಸಮಂಜರಿ. ಜನರ ಕಣ್ಣೆಲ್ಲ ಹಾಡುವವರ ಮೇಲೆ. ಮೂಲೆಯಲ್ಲಿ ನಾಲ್ಕು ದಪ್ಪ ತಂತಿಯ ಗಿಟಾರ್ ಹಿಡಿದು ನಿಂತವನನ್ನು ಕೇಳುವವರಿಲ್ಲ. ಆದರೆ ಅವನ ವಾದ್ಯ ಕೈಕೊಟ್ಟಿತೋ, ಇಡೀ ಹಾಡು ಖಾಲಿ ಡಬ್ಬ ಬಡಿದಂತಾಗುತ್ತದೆ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳನ್ನು ಬೇಸ್ ಗಿಟಾರ್ ಇಲ್ಲದೆ ನುಡಿಸಿ ನೋಡಿ, ಗೊತ್ತಾಗುತ್ತೆ!

ಅವನಿಗೆ ರಾತ್ರಿ ಲೆಕ್ಕದ ಸಂಭಾವನೆ. ವಾದ್ಯ ಇರುವುದು ಒಂದೇ. ಅದು ಹಬ್ಬದ ಮುಂಚಿನ ವಾರ ಗುರ್ ಎನ್ನತೊಡಗಿದರೆ ಏನು ಮಾಡಬೇಕು? ಗಿಟಾರ್ ಹೆಗಲಿಗೇರಿಸಿ ಬೆಂಗಳೂರು ಬಸ್ಸು ಹತ್ತಿದರೆ ಇನ್ನೂರೈವತ್ತು ಕಿಲೋಮೀಟರಿಗೂ ಮೇಲೆ. ಬಸ್ ಚಾರ್ಜು, ರಿಪೇರಿ ಚಾರ್ಜು, ಜೊತೆಗೆ ಕೈತಪ್ಪಿದ ಪ್ರೋಗ್ರಾಮುಗಳ ದುಡ್ಡು. ‘ಹೋಗ್ಲಿ ಬಿಡು, ನಾನೇ ಬಿಚ್ಚಿ ನೋಡ್ತೀನಿ’ ಅಂತ ಹೊರಟರೆ ಇದ್ದದ್ದೂ ಹೋಗುವ ಭಯ. ಎರಡೂ ನ್ಯಾಯವಾದ ಚಿಂತೆಯೇ.

ಇದಕ್ಕೊಂದು ಸುಲಭದ ಸೂತ್ರವಿದೆ. ತಿರುಗಿಸಿದ್ದು ವಾಪಸ್ ತಿರುಗುತ್ತೆ. ಕೆರೆದದ್ದು, ಕೊರೆದದ್ದು ವಾಪಸ್ ಬರೋಲ್ಲ. ಮೊದಲನೆಯದು ಮನೆ ಕೆಲಸ, ಎರಡನೆಯದು ಅಂಗಡಿ ಕೆಲಸ.

ಬಿಚ್ಚಲೆಂದೇ ಮಾಡಿದ ವಾದ್ಯ

ಇವತ್ತಿನ ಬೇಸ್ ಗಿಟಾರಿಗೆ ರೂಪ ಕೊಟ್ಟವನು ಸಂಗೀತಗಾರನಲ್ಲ, ರೇಡಿಯೋ ರಿಪೇರಿಯವನು! ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಮಾರುಕಟ್ಟೆಗೆ ತಂದ. ಅದರ ಕತ್ತನ್ನು ಅಂಟು ಹಾಕಿ ಕೂರಿಸಿರಲಿಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದ. ಕೆಟ್ಟರೆ ಬಿಚ್ಚು, ಬದಲಾಯಿಸು, ಹಾಕು. ಇಂದಿಗೂ ಹೆಚ್ಚಿನ ಬೇಸ್ ಗಿಟಾರುಗಳು ಅದೇ ದಾರಿಯಲ್ಲಿವೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವುದು ಪಾಪವೇನಲ್ಲ.

ಆದರೆ ಒಂದು ಮಾತು ನೆನಪಿರಲಿ. ಸಾಮಾನ್ಯ ಬೇಸ್‌ನಲ್ಲಿ ನಾಲ್ಕು ತಂತಿಗಳೂ ಶ್ರುತಿಗೆ ಬಂದಾಗ ಕತ್ತಿನ ಮೇಲೆ ಬೀಳುವ ಎಳೆತ ಸುಮಾರು 75ರಿಂದ 85 ಕೆ.ಜಿ. ಅಂದರೆ ಒಂದೂವರೆ ಮೂಟೆ ಸಿಮೆಂಟಿನ ಭಾರ! ಇದನ್ನು ತಡೆಯಲೆಂದು ಕತ್ತಿನ ಒಳಗೆ ಉಕ್ಕಿನ ಸರಳೊಂದಿದೆ, ಅದೇ ಟ್ರಸ್ ರಾಡ್. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕತ್ತು ಅಷ್ಟಿಷ್ಟು ಬಾಗುವುದು ಸಹಜ. ‘ಹಬ್ಬದ ಹೊತ್ತಿಗೇ ಕೆಡುತ್ತೆ ನೋಡ್ರಿ’ ಎಂದು ಆರ್ಕೆಸ್ಟ್ರಾದವರು ಗೊಣಗಿದರೆ ಅದು ಶನಿಕಾಟವಲ್ಲ, ತೇವದ ಕಾಟ.

ಮನೆಯಲ್ಲೇ ಆಗುವಂಥದ್ದು

ಮೊದಲು ಹೊಸ ತಂತಿ ಹಾಕಿ. ಸತ್ತ ತಂತಿಗೆ ಹೊಸ ಪಿಕಪ್ ಮದ್ದಲ್ಲ. ಗಿಟಾರಿನೊಳಗೆ 9 ವೋಲ್ಟ್ ಬ್ಯಾಟರಿ ಇರುವ ಮಾದರಿಯಾದರೆ ಅದನ್ನೂ ಬದಲಾಯಿಸಿ. ಕೇಬಲ್ ಚುಚ್ಚಿಟ್ಟರೆ ಬ್ಯಾಟರಿ ಹಗಲೂ ರಾತ್ರಿ ಖರ್ಚಾಗುತ್ತಲೇ ಇರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಬರೀ ಬ್ಯಾಟರಿಗಾಗಿ ಬೆಂಗಳೂರಿಗೆ ಹೋಗಿ ಬಂದರೆ ಊರವರು ನಗುವುದಿಲ್ಲವೇ?

ತಂತಿ ಫ್ರೆಟ್ ಪಟ್ಟಿಗಳಿಗೆ ತಾಗಿ ಗರಗರ ಅಂದರೆ ಕತ್ತು ನೋಡಿ. ವಾದ್ಯ ಶ್ರುತಿಯಲ್ಲಿರುವಾಗ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈ, ಕತ್ತು ದೇಹಕ್ಕೆ ಸೇರುವ ಜಾಗದಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ನಡುವೆ, ಏಳನೇ ಫ್ರೆಟ್ ಹತ್ತಿರ, ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ದರೆ ಸಾಕು. ಸಂದಿ ಜಾಸ್ತಿಯಾದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ ಬಿಗಿ ಮಾಡಬೇಕು, ಕಮ್ಮಿಯಾದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಿಗಿ ಮಾಡುವ ಮುಂಚೆ ತಂತಿ ಸಡಿಲಿಸಿ, ಆಮೇಲೆ ಮತ್ತೆ ಶ್ರುತಿ ಮಾಡಿ ನೋಡಿ. ಸರಿಯಾದ ಅಳತೆಯ ಅಲೆನ್ ಕೀ ಇಲ್ಲದೆ ಮುಟ್ಟಬೇಡಿ. ಕೀ ತಿರುಗಲು ಹಟ ಹಿಡಿದರೆ ನಿಲ್ಲಿಸಿಬಿಡಿ. ಅಲ್ಲಿ ಬಲ ತೋರಿಸಿದವರ ಸರಳು ಮುರಿದು ಕತ್ತೇ ದಂಡವಾಗುತ್ತದೆ.

ತಂತಿಯ ಎತ್ತರ ಬ್ರಿಡ್ಜಿನ ಪುಟ್ಟ ಸ್ಕ್ರೂಗಳಲ್ಲಿದೆ. 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರ, ಖಾಲಿ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಅದು ಏರಿದ್ದರೆ ಬ್ರಿಡ್ಜಿನ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಎಲ್ಲಕ್ಕೂ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದು, ಇದ್ದ ಅಳತೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ದಾರಿ ತಪ್ಪಿದರೆ ಹಿಂದಿರುಗಲು ಅದೇ ಕೈಮರ.

ಟಿ.ವಿ. ರಿಪೇರಿಯವರ ಪಾಲು

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಒಳಗೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಹೊಡೆದರೆ ಸಾಮಾನ್ಯವಾಗಿ ಹೋಗುತ್ತೆ. ಜಾಕ್ ಅಲ್ಲಾಡಿ ಸದ್ದು ಬಂದುಹೋಗಿ ಮಾಡಿದರೆ ನಟ್ ಬಿಗಿಮಾಡಿ, ತಂತು ಕಿತ್ತಿದ್ದರೆ ಸೋಲ್ಡರ್. ಕೈಗೆ ಸೋಲ್ಡರಿಂಗ್ ರೂಢಿ ಇಲ್ಲದವರು ಹತ್ತಿರದ ರೇಡಿಯೋ, ಟಿ.ವಿ. ರಿಪೇರಿಯವರಲ್ಲಿಗೆ ಹೋಗಲಿ. ಬ್ಯಾಟರಿ ಇಲ್ಲದ ಗಿಟಾರಿನ ವೈರಿಂಗ್ ಅವರಿಗೆ ಹತ್ತು ನಿಮಿಷದ ಕೆಲಸ. ಹಳೆಯದರ ಅಳತೆಗೇ ಸರಿಹೋಗುವ ಹೊಸ ಪಿಕಪ್ ತಂದಿದ್ದರೆ ಆ ಆಲ್ಟ್ರೇಷನ್ನೂ ಅಲ್ಲೇ ಆಗುತ್ತೆ. ಹಳೆಯ ಪಿಕಪ್ ಮಾತ್ರ ಮನೆಗೆ ತನ್ನಿ, ಎಸೆಯಬೇಡಿ.

ಇಲ್ಲಿ ಮಾತ್ರ ಅಂಗಡಿಯೇ

ದೊಡ್ಡ ಪಿಕಪ್ ಕೂರಿಸಲು ಮರ ಕೊರೆಯಬೇಕೇ? ಸವೆದ ಫ್ರೆಟ್ ಮಟ್ಟ ಮಾಡಬೇಕೇ, ಬದಲಾಯಿಸಬೇಕೇ? ನಟ್‌ನ ಗಾಡಿ ಉಜ್ಜಬೇಕೇ? ಕತ್ತು ತಿರುಚಿಕೊಂಡಿದೆಯೇ? ಬಸ್ ಚಾರ್ಜು ಲೆಕ್ಕ ಹಾಕಬೇಡಿ, ಹೊರಡಿ. ಬಾಗಿಲು ಕಿಟಕಿ ಮಾಡುವ ಬಡಗಿಯ ಉಳಿಗೆ ಒಂದು ಮಿಲಿಮೀಟರ್ ದೊಡ್ಡ ವಿಷಯವಲ್ಲ, ಬೇಸ್‌ಗೆ ಅದರ ಕಾಲು ಭಾಗವೂ ದೊಡ್ಡದೇ.

‘ಜಾಕೋ ಪಾಸ್ಟೋರಿಯಸ್ ಮನೆಯಲ್ಲೇ ಮಾಡಲಿಲ್ವೇನ್ರಿ?’ ಎಂದು ಕೇಳುವ ಹುಡುಗರಿದ್ದಾರೆ. ನಿಜ, ಆ ಅಮೆರಿಕನ್ ಕಲಾವಿದ ತನ್ನ ಫೆಂಡರ್ ಜಾಝ್ ಬೇಸ್‌ನ ಫ್ರೆಟ್‌ಗಳನ್ನು ತಾನೇ ಕಿತ್ತು ಎಪಾಕ್ಸಿ ಬಳಿದೆ ಎಂದು ಹೇಳಿಕೊಂಡಿದ್ದ. 1976ರ ಅವನ ಮೊದಲ ಆಲ್ಬಂ ಜಗತ್ತನ್ನೇ ಬೆರಗುಗೊಳಿಸಿತು. ಆದರೆ 1980ರ ದಶಕದಲ್ಲಿ ಅದೇ ಗಿಟಾರ್ ಚೂರುಚೂರಾದಾಗ ಜೋಡಿಸಿಕೊಟ್ಟವರು ಕಸುಬು ಬಲ್ಲ ರಿಪೇರಿಯವರು. ಜಾಕೋ ಕಥೆ ಅರ್ಧ ಹೇಳಬಾರದು.

ಅಂಗಡಿಯವರನ್ನು ಅಳೆಯುವುದೂ ಸುಲಭ. ‘ಯಾವ ತಂತಿ ಹಾಕ್ತೀರಿ, ಹೇಗೆ ನುಡಿಸ್ತೀರಿ, ಸ್ವಲ್ಪ ನುಡಿಸಿ ತೋರಿಸಿ’ ಎಂದು ಕೇಳುವವರು ಕಸುಬುದಾರರು. ನೋಡದೆಯೇ ‘ಎಲ್ಲಾ ಬದಲಾಯಿಸಬೇಕು’ ಅನ್ನುವವರಿಗೆ ನಮಸ್ಕಾರ ಹೇಳಿ ಹೊರಬನ್ನಿ. ಕೆಲಸದ ವಿವರ, ಕೊಡುವ ದಿನ ಚೀಟಿಯಲ್ಲಿ ಬರೆಸಿಕೊಳ್ಳಿ, ತೆಗೆದ ಹಳೆ ಸಾಮಾನು ವಾಪಸ್ ಕೇಳಿ.

ಜೀವಕ್ಕೆ ಸ್ಪೇರ್ ಪಾರ್ಟ್ ಇಲ್ಲ

ಇಷ್ಟೆಲ್ಲ ಗಿಟಾರಿನ ಮಾತು. ಆಂಪ್ಲಿಫೈಯರ್ ಮಾತೇ ಬೇರೆ. ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ. ವಾಲ್ವ್ ಆಂಪ್ಲಿಫೈಯರಿನ ಒಳಗೆ ನೂರಾರು ವೋಲ್ಟ್. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಕರೆಂಟು ಅಡಗಿ ಕೂತಿರುತ್ತದೆ. ಗುಯ್ ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕುವ ‘ಬುದ್ಧಿವಂತಿಕೆ’ ಎಲ್ಲಕ್ಕಿಂತ ಅಪಾಯ. ಅದೇ ಅರ್ಥಿಂಗ್. ಗಿಟಾರಿನ ತಂತಿಗಳು ಬ್ರಿಡ್ಜಿನ ಮೂಲಕ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತವೆ. ಅದು ಸರಿಯಿಲ್ಲದಿದ್ದರೆ ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವವನೇ ಕರೆಂಟಿಗೆ ದಾರಿ! 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ, ವೇದಿಕೆಯಲ್ಲೇ ಶಾಕ್ ಹೊಡೆದು ಪ್ರಾಣ ಕಳೆದುಕೊಂಡ. ಮಳೆಯಲ್ಲಿ ನೆನೆದ ನಮ್ಮ ಪೆಂಡಾಲುಗಳ ಆಯೋಜಕರು ಇದನ್ನು ಓದಿ ಮರೆಯದಿರಲಿ. ಚಂದಾ ಲೆಕ್ಕದಲ್ಲಿ ಒಳ್ಳೆ ಎಲೆಕ್ಟ್ರಿಷಿಯನ್ ಕೂಲಿಯೂ ಸೇರಲಿ.

ಕೊನೆಗೊಂದು ಮಾತು. ಅಂಗಡಿ ಕೆಲಸವೇನಿದ್ದರೂ ಹಬ್ಬಕ್ಕೆ ಎರಡು ತಿಂಗಳ ಮುಂಚೆಯೇ ಮುಗಿಸಿ. ಹಬ್ಬದ ವಾರದಲ್ಲಿ ಕೈಗೆ ಸ್ಕ್ರೂಡ್ರೈವರ್ ಬರಲಿ, ಅರ ಬೇಡ. ಗಣಪತಿಗೆ ವಿಸರ್ಜನೆ ಉಂಟು, ಮುಂದಿನ ವರ್ಷ ಮತ್ತೆ ಬರುತ್ತಾನೆ. ಅರ ಹಾಕಿ ಕೆಡಿಸಿದ ಕತ್ತು ಬರೋಲ್ಲ!