ಸಂಸಾರದ ವಾಹನಕ್ಕೊಂದು ಟ್ರೇಲರ್: ವೈರಿಂಗಿನ ಜಮಾ-ಖರ್ಚು

ಮನೆಯ ಖರ್ಚು ಬೇರೆ, ಅಂಗಡಿಯ ಖರ್ಚು ಬೇರೆ. ಎರಡಕ್ಕೂ ಒಂದೇ ಗಲ್ಲಾಪೆಟ್ಟಿಗೆಯಿಂದ ಹಣ ತೆಗೆಯಬಾರದು ಎಂಬುದು ಲೆಕ್ಕಪತ್ರದ ಮೊದಲ ಪಾಠ. ಮೂರು ದಶಕಗಳಿಂದ ಕಕ್ಷಿದಾರರಿಗೆ ಹೇಳುತ್ತ ಬಂದಿರುವ ಈ ಮಾತು ಮೋಟಾರು ವಾಹನದ ವೈರಿಂಗಿಗೂ ಅನ್ವಯಿಸುತ್ತದೆಂದು ನನಗೆ ಮನವರಿಕೆಯಾದದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮಗಳ ಮನೆಗೆ ಹೋಗಿದ್ದಾಗ.

ಮಗಳು ಮತ್ತು ಅಳಿಯಂದಿರು ಬೇಸಿಗೆ ರಜೆಗೆಂದು ಮಲಗುವ ವ್ಯವಸ್ಥೆಯುಳ್ಳ ಹಳೆಯ ಕ್ಯಾಂಪರ್ ಟ್ರೇಲರೊಂದನ್ನು ಕೊಂಡಿದ್ದರು. ತೂಕ ಸುಮಾರು 2,600 ಪೌಂಡ್, ಅಂದರೆ 1,180 ಕಿಲೋಗ್ರಾಂ. ಎಳೆಯಬೇಕಾದದ್ದು ಮಕ್ಕಳನ್ನು ಶಾಲೆಗೆ ಬಿಡುವ ಏಳು ಆಸನಗಳ ವಾಹನ. ಅದರ ಎಳೆಯುವ ಸಾಮರ್ಥ್ಯ 3,500 ಪೌಂಡ್ ಆಗಿದ್ದುದರಿಂದ ತೂಕದ ಆತಂಕವಿರಲಿಲ್ಲ. ಸಮೀಪದ ಅಂಗಡಿಯೊಂದರಲ್ಲಿ 90 ಡಾಲರಿಗೆ ವೈರಿಂಗ್ ಮಾಡಿಸಿದರು. ಕಾರಿನ ಹಿಂದೀಪದ ತಂತಿಗಳಿಗೆ ಕ್ಲಿಪ್ ಕಚ್ಚಿಸಿ, ಅಲ್ಲಿಂದಲೇ ಟ್ರೇಲರಿನ ದೀಪಗಳಿಗೆ ವಿದ್ಯುತ್ ಕೊಡಲಾಯಿತು.

ಮೊದಲ ಪ್ರಯಾಣದಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಲಾರಿಯವರು ಹಾರ್ನ್ ಮಾಡಿ ಸನ್ನೆ ಮಾಡತೊಡಗಿದರು. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಎಡಬದಿಯ ಬ್ರೇಕ್ ದೀಪ ಟ್ರೇಲರಿನಲ್ಲಿಯೂ ಇಲ್ಲ, ಕಾರಿನಲ್ಲಿಯೂ ಇಲ್ಲ. ವಾಹನದಲ್ಲಿ ಇಬ್ಬರು ಮೊಮ್ಮಕ್ಕಳಿದ್ದರು. ಹೆದ್ದಾರಿಯಲ್ಲಿ ಅದೆಂತಹ ಅಪಾಯವೆಂಬುದನ್ನು ವಿವರಿಸಬೇಕಾಗಿಲ್ಲ.

ತಪ್ಪಾದದ್ದೆಲ್ಲಿ?

ಹಳೆಯ ಕಾರುಗಳಲ್ಲಿ ಸ್ವಿಚ್, ಫ್ಯೂಸ್, ಬಲ್ಬು ಇಷ್ಟೇ ಇರುತ್ತಿತ್ತು. ಇಂದಿನ ವಾಹನಗಳಲ್ಲಿ ದೀಪಗಳನ್ನು ಬೆಳಗಿಸುವುದು ಗಣಕೀಕೃತ ನಿಯಂತ್ರಣ ಘಟಕ. ತನ್ನದೇ ಎಲ್‌ಇಡಿ ದೀಪಗಳಿಗೆ ಸಾಕಾಗುವಷ್ಟು ಅಲ್ಪ ವಿದ್ಯುತ್ತನ್ನು ಮಾತ್ರ ಅದು ಅಳೆದು ಕೊಡುತ್ತದೆ. ಹಳೆಯ ಟ್ರೇಲರಿನ ಒಂದು ಬ್ರೇಕ್ ಬಲ್ಬು ಸುಮಾರು 27 ವ್ಯಾಟಿನದು. 12 ವೋಲ್ಟಿನಲ್ಲಿ ಅದು 2 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮನೆಯ ಗಲ್ಲಾಪೆಟ್ಟಿಗೆಯಿಂದ ಅಂಗಡಿಯ ಸಾಲ ತೀರಿಸಹೊರಟಂತೆ ಆ ಘಟಕದ ಮೇಲೆ ಹೊರೆ ಬಿದ್ದು ಅದು ಸುಟ್ಟುಹೋಗಿತ್ತು.

ಇನ್ನೊಂದು ತೊಡಕೂ ಇತ್ತು. ಅಮೆರಿಕದ ಸಾಮಾನ್ಯ ಟ್ರೇಲರುಗಳಲ್ಲಿ ಬ್ರೇಕ್ ಮತ್ತು ತಿರುವಿನ ಸೂಚನೆ ಎರಡೂ ಒಂದೇ ದೀಪದಲ್ಲಿ ಬರುತ್ತವೆ. ನಾಲ್ಕು ಪಿನ್ನಿನ ಚಪ್ಪಟೆ ಸಾಕೆಟ್ಟಿನಲ್ಲಿ ಬಿಳಿ ತಂತಿ ಅರ್ತ್, ಕಂದು ಹಿಂದೀಪ, ಹಳದಿ ಎಡ ತಿರುವು ಮತ್ತು ಬ್ರೇಕ್, ಹಸಿರು ಬಲ ತಿರುವು ಮತ್ತು ಬ್ರೇಕ್. ಮಗಳ ವಾಹನದಲ್ಲಿ ಇಂಡಿಕೇಟರ್ ಪ್ರತ್ಯೇಕ. ಎರಡನ್ನು ಒಂದುಗೂಡಿಸುವ ಪರಿವರ್ತಕವಿಲ್ಲದೆ ಈ ಹೊಂದಾಣಿಕೆ ಸಾಧ್ಯವಿಲ್ಲ. ಎಲ್ಲಕ್ಕಿಂತ ಗಂಭೀರವಾದದ್ದೆಂದರೆ, ಟ್ರೇಲರಿನಲ್ಲಿದ್ದ ವಿದ್ಯುತ್ ಬ್ರೇಕಿಗೆ ಆ ಅಂಗಡಿಯವರು ಸಂಪರ್ಕವನ್ನೇ ಕೊಟ್ಟಿರಲಿಲ್ಲ.

ಸರಿಯಾದ ಕ್ರಮ

ಎರಡನೆಯ ಬಾರಿ ಕೆಲಸ ಮಾಡಿದ ಅನುಭವಿ ಮೆಕ್ಯಾನಿಕ್ ಅನುಸರಿಸಿದ ಕ್ರಮ ಹೀಗಿತ್ತು:

1. ಬ್ಯಾಟರಿಯಿಂದ ಫ್ಯೂಸ್ ಸಹಿತ ಪ್ರತ್ಯೇಕ ತಂತಿ ಎಳೆದು, ಟ್ರೇಲರ್ ದೀಪಗಳಿಗೆ ಬೇಕಾದ ವಿದ್ಯುತ್ತನ್ನು ಪರಿವರ್ತಕಕ್ಕೆ ನೇರವಾಗಿ ಒದಗಿಸುವುದು. ಕಾರಿನ ದೀಪದ ತಂತಿಯಿಂದ ಸಂಕೇತವನ್ನಷ್ಟೇ ಪಡೆಯುವುದು.

2. ಅರ್ತ್ ತಂತಿಯನ್ನು ಬಣ್ಣ ಕೆರೆದ ಶುದ್ಧ ಲೋಹಕ್ಕೆ ಬಿಗಿಯುವುದು. ಟ್ರೇಲರಿನ ಕೊಂಡಿಯನ್ನೇ ಅರ್ತ್ ಎಂದು ನಂಬಿದರೆ, ಅಲ್ಲಿನ ಗ್ರೀಸು ಮತ್ತು ತುಕ್ಕಿನಿಂದ ದೀಪಗಳು ಮಿಣುಕುತ್ತವೆ.

3. ಏಳು ಪಿನ್ನಿನ ಸಾಕೆಟ್ ಮತ್ತು ಬ್ರೇಕ್ ನಿಯಂತ್ರಕ ಅಳವಡಿಸುವುದು. ಕೊಂಡಿ ಕಳಚಿದರೆ ಟ್ರೇಲರ್ ತಾನಾಗಿಯೇ ನಿಲ್ಲುವಂತೆ ಮಾಡುವ ಸ್ವಿಚ್ಚನ್ನು ಪರೀಕ್ಷಿಸುವುದು.

4. ಟ್ರೇಲರಿನ ಫ್ರಿಜ್ ಮತ್ತು ಬ್ಯಾಟರಿಗೆ ದಪ್ಪ ತಂತಿ ಎಳೆಯುವುದು. ಹೋಗಿಬರುವ ಒಟ್ಟು 12 ಮೀಟರ್ ತಾಮ್ರದ ತಂತಿ 2.5 ಚದರ ಮಿ.ಮೀ. ಆಗಿದ್ದರೆ 10 ಆಂಪಿಯರಿಗೆ ಸುಮಾರು 0.84 ವೋಲ್ಟ್ ನಷ್ಟವಾಗುತ್ತದೆ; 6 ಚದರ ಮಿ.ಮೀ. ಆದರೆ 0.35 ವೋಲ್ಟ್ ಮಾತ್ರ. ಮೊದಲನೆಯದರಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದು ಕಷ್ಟ.

5. ಎಂಜಿನ್ ನಿಂತಾಗ ಈ ಸಂಪರ್ಕ ತಪ್ಪುವಂತೆ ರಿಲೇ ಹಾಕುವುದು. ಇಲ್ಲವಾದರೆ ರಾತ್ರಿಯಿಡೀ ಫ್ರಿಜ್ ನಡೆದು, ಬೆಳಿಗ್ಗೆ ಕಾರೇ ಚಾಲೂ ಆಗದು.

ಜಮಾ-ಖರ್ಚು

ಸುಟ್ಟ ಘಟಕ ಬದಲಿಸಲು 780 ಡಾಲರ್ ಆಯಿತು. ಹೊರಗಿನ ಜೋಡಣೆಯೇ ಕಾರಣವೆಂದು ವರದಿ ಬಂದುದರಿಂದ ವಾರಂಟಿ ದೊರೆಯಲಿಲ್ಲ. ಕ್ರಮಬದ್ಧ ವೈರಿಂಗಿಗೆ 420 ಡಾಲರ್. ಮೊದಲಿನ 90 ಸೇರಿ ಒಟ್ಟು 1,290. ಆರಂಭದಲ್ಲಿಯೇ ಸರಿಯಾಗಿ ಮಾಡಿಸಿದ್ದರೆ 420ರಲ್ಲಿ ಮುಗಿಯುತ್ತಿತ್ತು. 330 ಡಾಲರ್ ಉಳಿಸಹೋಗಿ 870 ಡಾಲರ್ ಕಳೆದುಕೊಂಡಂತಾಯಿತು. ಪ್ರಾಣಾಪಾಯದ ಬಾಬತ್ತನ್ನು ಯಾವ ಲೆಡ್ಜರಿನಲ್ಲಿಯೂ ಬರೆಯಲಾಗದು.

ನಮ್ಮ ಸದಸ್ಯರ ಗಮನಕ್ಕೆ

ಇಂತಹ ಟ್ರೇಲರನ್ನು ಇಲ್ಲಿ ಎಳೆಯಲಿಚ್ಛಿಸುವವರು ಕೆಲವು ಅಂಶಗಳನ್ನು ಗಮನದಲ್ಲಿಡಬೇಕು. 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಸಹ ಮೋಟಾರು ವಾಹನವೇ. ಅದೇ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿದ ನಂತರವೇ ಮುಂದುವರಿಯುವುದು ಕ್ಷೇಮ. ಚಾಲಕರೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳ ಖರೀದಿ, ದುರಸ್ತಿ ಮತ್ತು ವಿಮೆಯ ಮೇಲಿನ ತೆರಿಗೆ ಜಮೆಯನ್ನು ಜಿಎಸ್‌ಟಿಯ 17(5)ನೆಯ ಕಲಮು ಸಾಮಾನ್ಯವಾಗಿ ತಡೆಹಿಡಿಯುತ್ತದೆ. ಕುಟುಂಬದ ವಾಹನದ ಇಂತಹ ಬಿಲ್ಲನ್ನು ಸಂಸ್ಥೆಯ ಲೆಕ್ಕದಲ್ಲಿ ತೋರಿಸಿ ಜಮೆ ಪಡೆಯುವ ಪ್ರಲೋಭನೆ ಬೇಡ.

ವೈರಿಂಗ್ ಹಾರ್ನೆಸ್ ಮತ್ತು ಸಾಕೆಟ್ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಇಲ್ಲೊಂದು ಪಾಠವಿದೆ. ಅಮೆರಿಕದಲ್ಲಿ ನಾಲ್ಕು ಮತ್ತು ಏಳು ಪಿನ್ನುಗಳ ಪದ್ಧತಿಯಿದ್ದರೆ, ಯುರೋಪಿನಲ್ಲಿ ಐಎಸ್‌ಒ 1724ರ ಏಳು ಪಿನ್ ಹಾಗೂ ಐಎಸ್‌ಒ 11446ರ ಹದಿಮೂರು ಪಿನ್ ಪದ್ಧತಿಗಳಿವೆ. ಗ್ರಾಹಕ ಕೇಳುವುದು ತಂತಿ. ಆತನಿಗೆ ಬೇಕಾಗಿರುವುದು ಮೂಲ ವಾಹನಕ್ಕೆ ಹಾನಿಯಾಗದ ಹೊಂದಾಣಿಕೆ. ಈ ವ್ಯತ್ಯಾಸವನ್ನರಿತು ಮಾಲು ಕೊಡುವವರಿಗೆ ದೂರುಗಳು ಕಡಿಮೆ, ಮರು ಆರ್ಡರುಗಳು ಹೆಚ್ಚು.

ಹೊಸ ಹೊರೆಗೆ ಹೊಸ ಮೂಲವನ್ನೇ ಒದಗಿಸಬೇಕು. ಹಳೆಯ ಮೂಲದಿಂದ ಸೂಚನೆಯನ್ನಷ್ಟೇ ಪಡೆಯಬೇಕು. ವೈರಿಂಗಿಗಾಗಲಿ ವ್ಯಾಪಾರಕ್ಕಾಗಲಿ, ಈ ನಿಯಮ ಒಂದೇ.