ಶೇಕಡಾವಾರಿನ ಹಿಂದಿರುವ ಮಕ್ಕಳು

ಕೇರಳದಲ್ಲಿ ವೃತ್ತಿಪರ ಹೈಯರ್ ಸೆಕೆಂಡರಿ ಶಿಕ್ಷಣವು 1983–84ರಲ್ಲಿ ಆರಂಭವಾಯಿತು. ಇಲ್ಲಿ ವಿದ್ಯಾರ್ಥಿಗಳು ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಸಾಮಾನ್ಯ ವಿಷಯಗಳೊಡನೆ ಒಂದು ವೃತ್ತಿಯನ್ನೂ ಕಲಿಯುತ್ತಾರೆ. ಉನ್ನತ ಶಿಕ್ಷಣಕ್ಕೆ ಅರ್ಹರಾಗಲು ಪ್ರತಿ ವಿಷಯದಲ್ಲಿಯೂ ಕನಿಷ್ಠ ಡಿ ಪ್ಲಸ್ ಶ್ರೇಣಿ, ಎಂದರೆ ಶೇಕಡಾ 30 ಅಂಕ, ಅಗತ್ಯ.

ಶಾಲೆಯ ಒಟ್ಟು ಫಲಿತಾಂಶವೊಂದೇ ಮಕ್ಕಳ ನಿಜಸ್ಥಿತಿಯನ್ನು ತಿಳಿಸದು. ಕಾಸರಗೋಡಿನ ಒಂದು ಸರಕಾರಿ ಶಾಲೆಯ ತರಗತಿಯಲ್ಲಿ 30 ಮಂದಿಯಿದ್ದು, 24 ಮಂದಿ ತೇರ್ಗಡೆಯಾದರೆಂದು ಭಾವಿಸೋಣ. ಫಲಿತಾಂಶವು ಶೇಕಡಾ 80. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ 10 ಮಂದಿಯಲ್ಲಿ 5 ಮಂದಿಯೂ ಉಳಿದ 20 ಮಂದಿಯಲ್ಲಿ 19 ಮಂದಿಯೂ ತೇರ್ಗಡೆಯಾಗಿದ್ದರೆ, ಆ ಶೇಕಡಾ 80ರೊಳಗೆ 50 ಮತ್ತು 95ರ ಅಂತರ ಅಡಗಿರುತ್ತದೆ.

ಇಂತಹ ಅಂತರ ಕಂಡಾಗ ಲಿಖಿತ ಮತ್ತು ಪ್ರಾಯೋಗಿಕ ಅಂಕಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ತಂತಿ ಜೋಡಣೆಯನ್ನು ತಪ್ಪಿಲ್ಲದೆ ಮಾಡುವ ವಿದ್ಯಾರ್ಥಿನಿಯು ಅದನ್ನೇ ಇಂಗ್ಲಿಷಿನಲ್ಲಿ ಬರೆಯಲಾರದೆ ಹೋದರೆ, ಆಕೆಗೆ ಬೇಕಾದುದು ಭಾಷೆಯ ನೆರವು. ವಿದ್ಯುನ್ಮಂಡಲವೇ ಸರ್ಕ್ಯೂಟ್, ರೋಧವೇ ರೆಸಿಸ್ಟೆನ್ಸ್ ಎಂಬ ಜೋಡಿಪದಗಳ ಪರಿಚಯವನ್ನು ಪ್ರೌಢಶಾಲೆಯ ಕನ್ನಡ ಶಿಕ್ಷಕರೇ ಆರಂಭಿಸಬಹುದು.

ಎರಡು ಎಚ್ಚರಿಕೆಗಳು ಅಗತ್ಯ. ಹತ್ತು ಮಕ್ಕಳ ಗುಂಪಿನಲ್ಲಿ ಒಬ್ಬರ ಸೋಲು ಶೇಕಡಾ 10ರಷ್ಟಾಗುವುದರಿಂದ, ಮೂರು ವರ್ಷಗಳ ಅಂಕಿಗಳನ್ನು ಒಟ್ಟಾಗಿ ನೋಡುವುದು ಲೇಸು. ಅಲ್ಲದೆ ಮಾಧ್ಯಮ, ಲಿಂಗ, ಜಾತಿವರ್ಗಗಳ ವಿವರಗಳನ್ನು ತರಗತಿಯಲ್ಲಿ ಓದಿ ಹೇಳಬಾರದು. ನೆರವು ಯಾರಿಗೆ ತಲುಪಬೇಕೆಂದು ಶಿಕ್ಷಕರು ಅರಿಯಲಷ್ಟೇ ಅವು ಇರುವುದು.