ಶಿಲುಬೆಯ ಮೇಲಿನ ‘ಮುಗಿಯಿತು’ ಸೋಲಿನ ಮಾತೇ?

ಪ್ರಶ್ನೆ: ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುವಿನ ಯಾತನೆಯ ‘ಮಹಿಮೆ’ ನಾಟಕ ನೋಡಿದೆ. ಶಿಲುಬೆಯ ಮೇಲೆ ಯೇಸು ‘ಮುಗಿಯಿತು’ ಎಂದದ್ದು ಕೈಚೆಲ್ಲಿದ ಮಾತೇ? ಮೂಲ ಗ್ರೀಕ್‌ನಲ್ಲಿ ಏನಿದೆ?

ಉತ್ತರ: ಖಂಡಿತ ಅಲ್ಲ. ಯೋಹಾನನ ಸುವಾರ್ತೆಯ 19ನೇ ಅಧ್ಯಾಯ, 30ನೇ ವಚನದಲ್ಲಿ ಆ ಮಾತು ಒಂದೇ ಪದ: ‘ತೆತೆಲೆಸ್ತಾಯ್’. ಅದರ ಮೂಲದಲ್ಲಿರುವ ‘ತೆಲೋಸ್’ ಎಂದರೆ ಕೊನೆ ಮಾತ್ರವಲ್ಲ, ಗುರಿ ಕೂಡ. ಹಿಡಿದ ಕೆಲಸವನ್ನು ಗುರಿ ಮುಟ್ಟಿಸಿದಾಗ ಬಳಸುವ ಕ್ರಿಯಾಪದ ಇದು.

ಪದದ ಆರಂಭದ ‘ತೆ’ ಇನ್ನೂ ಮುಖ್ಯ. ಕೆಲಸ ಆಗಿದೆ, ಅದರ ಫಲ ಈಗಲೂ ಇದೆ ಎಂದು ಅದು ಸೂಚಿಸುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿ. ಗಿರಗಿರ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿಯಿಂದ ತಿಕ್ಕಿ ಮೆರುಗು ಕೊಡುತ್ತಾರೆ. ಯಂತ್ರ ನಿಂತ ಮೇಲೂ ಬಣ್ಣ ಉಳಿದಿರುತ್ತದೆ. ‘ತೆತೆಲೆಸ್ತಾಯ್’ ಆ ಉಳಿದದ್ದನ್ನೂ ಸೇರಿಸಿ ಹೇಳುತ್ತದೆ. ಹಾಗಾಗಿ ನನಗೆ ‘ಮುಗಿಯಿತು’ಗಿಂತ ‘ನೆರವೇರಿದೆ’ ಎಂಬುದೇ ಹೆಚ್ಚು ಸರಿ ಅನ್ನಿಸುತ್ತದೆ.

ಎರಡೇ ವಚನ ಹಿಂದೆ, 28ರಲ್ಲಿ, ಇದೇ ಪದ ಇದೆ: ಎಲ್ಲವೂ ನೆರವೇರಿದೆಯೆಂದು ತಿಳಿದೇ ಯೇಸು ಬಾಯಾರಿಕೆ ಎನ್ನುತ್ತಾನೆ. ಇದೇ ಕ್ರಿಯಾಪದಕ್ಕೆ ತೆರಿಗೆ ಸಲ್ಲಿಸು ಎಂಬ ಅರ್ಥವೂ ಉಂಟು; ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ದೇವಾಲಯದ ತೆರಿಗೆಯ ಮಾತು ಬಂದಾಗ ಅದೇ ಬಳಕೆಯಾಗಿದೆ.